ಮತದಾನದ ದಿನದ ಸಂಬಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಮತದಾನದ ದಿನದ ರಜೆಯ ಬಗ್ಗೆ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರನ್ನೂ ಅವರು ದುಡಿಯುವ ಸಂಸ್ಥೆಗಳ ಹೆಸರನ್ನೂ ಬಿಟ್ಟಿದ್ದೇವೆ.

ನಾನು ಆಂಧ್ರದ ಹಿಂದೂಪುರದ ಕಡೆಯವನು, ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. 2024ರ ಲೋಕಸಭಾ ಚುನಾವಣೆಯಲ್ಲಿ ಏಪ್ರಿಲ್ 26ರಂದು ಇಲ್ಲಿ ಎಲ್ಲರಿಗೂ ರಜೆ ಕೊಟ್ಟರು. ನಮ್ಮೂರಿನಲ್ಲಿ ಮತದಾನ ನಡೆದದ್ದು ಮೇ 13ರಂದು. ಆ ದಿನ ರಜೆ ಕೇಳಿದಾಗ, "ನಿಮ್ಮ ಓಟಿನ ರಜೆ ಮುಗಿದುಹೋಗಿದೆ" ಎಂದರು. ಹೋಗಿ ಮತ ಹಾಕಿ ಬಂದದ್ದಕ್ಕೆ ಒಂದು ದಿನದ ಸಂಬಳ ಹಿಡಿದರು. ಇದು ಸರಿಯೇ? (ಓದುಗರೊಬ್ಬರು, ಗೌರಿಬಿದನೂರು)

ಸರಿಯಲ್ಲ. ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಪ್ರಜಾಪ್ರಾತಿನಿಧ್ಯ ಕಾಯ್ದೆ, 1951ಕ್ಕೆ 1996ರಲ್ಲಿ ತಿದ್ದುಪಡಿ ತಂದು 135ಬಿ ಎಂಬ ಕಲಮನ್ನು ಸೇರಿಸಲಾಯಿತು. ಯಾವುದೇ ವ್ಯವಹಾರ, ವ್ಯಾಪಾರ, ಕೈಗಾರಿಕೆ ಅಥವಾ ಇತರ ಸಂಸ್ಥೆಯಲ್ಲಿ ಕೆಲಸಕ್ಕಿದ್ದು, ಲೋಕಸಭೆಯ ಇಲ್ಲವೇ ವಿಧಾನಸಭೆಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕುಳ್ಳ ಪ್ರತಿಯೊಬ್ಬರಿಗೂ ಮತದಾನದ ದಿನ ರಜೆ ಕೊಡಬೇಕು, ಆ ರಜೆಯ ಕಾರಣಕ್ಕೆ ಸಂಬಳದಲ್ಲಿ ಏನನ್ನೂ ಕಡಿತ ಮಾಡಬಾರದು ಎಂಬುದು ಅದರ ತಿರುಳು. ಈ ಹಕ್ಕು ಹುಟ್ಟುವುದು ನೌಕರನು ಮತದಾರನಾಗಿರುವುದರಿಂದ. ಕಾರ್ಖಾನೆ ಎಲ್ಲಿದೆ ಎಂಬುದರಿಂದಲ್ಲ. ನಿಮ್ಮ ಹೆಸರು ಯಾವ ಕ್ಷೇತ್ರದ ಪಟ್ಟಿಯಲ್ಲಿದೆಯೋ ಆ ಕ್ಷೇತ್ರದಲ್ಲಿ ಮತದಾನ ನಡೆಯುವ ದಿನವೇ ನಿಮ್ಮ ರಜೆಯ ದಿನ. ಮತದಾನ ನಡೆಯುವ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದು ಬೇರೆ ಕಡೆ ದುಡಿಯುತ್ತಿರುವವರಿಗೂ ಸಂಬಳ ಸಹಿತ ರಜೆ ಸಲ್ಲುತ್ತದೆ ಎಂದು ಚುನಾವಣಾ ಆಯೋಗವೂ ಹಲವು ಚುನಾವಣೆಗಳ ಸಂದರ್ಭದಲ್ಲಿ ಸ್ಪಷ್ಟಪಡಿಸಿದೆ.

ಏಪ್ರಿಲ್ 26ರ ರಜೆ ನಿಮ್ಮ ಮತದಾನಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಅಂದು ಇಲ್ಲಿ ಮತದಾನವಿದ್ದುದರಿಂದ ಕಾರ್ಖಾನೆ ಮುಚ್ಚಿತ್ತು, ನೀವು ಮನೆಯಲ್ಲಿದ್ದಿರಿ, ಅಷ್ಟೆ. ಆ ದಿನವನ್ನು ಮೇ 13ಕ್ಕೆ ಬದಲಿಯಾಗಿ ಲೆಕ್ಕ ಹಾಕಿಕೊಳ್ಳಲು ಕಾಯ್ದೆಯಲ್ಲಿ ಎಲ್ಲಿಯೂ ಅವಕಾಶವಿಲ್ಲ. ಒಬ್ಬನೇ ನೌಕರನಿಗೆ ಎರಡು ದಿನ ಸಂಬಳ ಕೊಟ್ಟು ಮನೆಯಲ್ಲಿ ಕೂರಿಸಿದಂತಾಯಿತಲ್ಲ ಎಂಬ ಆಡಳಿತದ ಗೊಣಗಾಟ ಅರ್ಥವಾಗದ ವಿಷಯವೇನಲ್ಲ. ಆದರೆ ಮೊದಲ ದಿನ ಬೀಗ ಹಾಕಿದ್ದು ನಿಮಗಾಗಿ ಅಲ್ಲವಾದ್ದರಿಂದ, ಅದರ ಖರ್ಚನ್ನು ನಿಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇಂಥ ಗೊಂದಲ ಗಡಿಯ ತಾಲ್ಲೂಕುಗಳಿಗೆ ಮಾತ್ರ ಸೀಮಿತವಲ್ಲ. 2024ರಲ್ಲಿ ಕರ್ನಾಟಕದೊಳಗೇ ಎರಡು ಹಂತದ ಮತದಾನವಿತ್ತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೇರಿದಂತೆ 14 ಕ್ಷೇತ್ರಗಳು ಏಪ್ರಿಲ್ 26ರಂದು ಮತ ಹಾಕಿದರೆ, ರಾಯಚೂರು, ಕೊಪ್ಪಳ, ಬಳ್ಳಾರಿ, ಕಲಬುರಗಿ ಮೊದಲಾದ ಉಳಿದ 14 ಕ್ಷೇತ್ರಗಳು ಮೇ 7ರಂದು ಮತ ಹಾಕಿದವು. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ರಾಯಚೂರಿನವನೊಬ್ಬನ ಹೆಸರು ಊರಿನ ಪಟ್ಟಿಯಲ್ಲೇ ಇದ್ದಿದ್ದರೆ, ಅವನ ರಜೆ ಮೇ 7ಕ್ಕೆ ಸಲ್ಲುತ್ತಿತ್ತು. ಉಪಚುನಾವಣೆಯಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. 2019ರ ಡಿಸೆಂಬರ್ 5ರಂದು ಚಿಕ್ಕಬಳ್ಳಾಪುರಕ್ಕೂ 2020ರ ನವೆಂಬರ್ 3ರಂದು ಶಿರಾ ಕ್ಷೇತ್ರಕ್ಕೂ ವಿಧಾನಸಭಾ ಉಪಚುನಾವಣೆ ನಡೆಯಿತು. ಅಂದು ತುಮಕೂರು ನಗರದ ಕಾರ್ಖಾನೆಗಳು ಎಂದಿನಂತೆ ನಡೆಯುತ್ತಿದ್ದರೂ, ಅಲ್ಲಿ ದುಡಿಯುತ್ತಿದ್ದ ಶಿರಾದ ಮತದಾರರಿಗೆ ಮಾತ್ರ ಪ್ರತ್ಯೇಕವಾಗಿ ರಜೆ ಕೊಡಬೇಕಾಗಿತ್ತು.

ಮುಂದಿನ ಸಲ ಹೀಗೆ ಮಾಡಿರಿ: ವೇಳಾಪಟ್ಟಿ ಪ್ರಕಟವಾದ ಕೂಡಲೇ ನಿಮ್ಮ ಕ್ಷೇತ್ರ, ಮತದಾನದ ದಿನ ಮತ್ತು ಗುರುತಿನ ಚೀಟಿಯ ಸಂಖ್ಯೆಯನ್ನು ಬರೆದ ಅರ್ಜಿಯೊಂದನ್ನು ಕೊಟ್ಟು, ಅದರ ನಕಲಿನ ಮೇಲೆ ಸಿಬ್ಬಂದಿ ವಿಭಾಗದವರ ಸಹಿ ಪಡೆಯಿರಿ. ಮತದಾರರ ಪಟ್ಟಿಯ ಪುಟವನ್ನೋ ಗುರುತಿನ ಚೀಟಿಯ ಪ್ರತಿಯನ್ನೋ ಅವರು ಕೇಳಿದರೆ ಕೊಡಿ. ಅಷ್ಟನ್ನು ಕೇಳುವುದು ತಪ್ಪಲ್ಲ. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ನೀವು ವರ್ಷಗಟ್ಟಲೆ ಗೌರಿಬಿದನೂರಿನಲ್ಲೇ ಸಂಸಾರ ಹೂಡಿಕೊಂಡಿದ್ದರೆ ನಮೂನೆ 8ನ್ನು ತುಂಬಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳುವುದು ಕ್ರಮ. ಊರಿನಲ್ಲೊಂದು, ಇಲ್ಲೊಂದು ಎಂದು ಎರಡು ಕಡೆ ಹೆಸರು ಇಟ್ಟುಕೊಳ್ಳುವುದಕ್ಕೆ ಮಾತ್ರ ಕಾನೂನಿನಲ್ಲಿ ಅವಕಾಶವಿಲ್ಲ.

ನಾನು ಗಾರೆ ಕೆಲಸದವನು. ಮೇಸ್ತ್ರಿಯ ಕೈಕೆಳಗೆ ದಿನಗೂಲಿ, ಶನಿವಾರ ಬಟವಾಡೆ. ದುಡಿದ ದಿನಕ್ಕೆ ಮಾತ್ರ ಕೂಲಿ. ನನ್ನಂಥವರಿಗೆ ಮತದಾನದ ದಿನದ ಕೂಲಿ ಸಿಗುತ್ತದೆಯೇ, ಅಥವಾ ಅದು ತಿಂಗಳ ಸಂಬಳದವರಿಗೆ ಮಾತ್ರವೇ? (ತುಮಕೂರು)

ನಿಮಗೂ ಸಲ್ಲುತ್ತದೆ. 135ಬಿ ಕಲಮಿನ ಎರಡನೆಯ ಉಪಕಲಂ ಬರೆದಿರುವುದೇ ನಿಮ್ಮಂಥವರನ್ನು ಕಣ್ಣಮುಂದಿಟ್ಟುಕೊಂಡು. ರಜೆಯ ದಿನಕ್ಕೆ ಸಾಮಾನ್ಯವಾಗಿ ಕೂಲಿ ಪಡೆಯದ ಷರತ್ತಿನ ಮೇಲೆ ಒಬ್ಬನು ಕೆಲಸಕ್ಕಿದ್ದರೂ, ಆ ದಿನ ರಜೆ ಇಲ್ಲದಿದ್ದಲ್ಲಿ ಅವನಿಗೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನು ಕೊಡಬೇಕು ಎಂದು ಅದು ಹೇಳುತ್ತದೆ. ದಿನಗೂಲಿಯವರು ಮತ್ತು ಹಂಗಾಮಿ ಕೆಲಸಗಾರರು ಇದರೊಳಗೆ ಬರುತ್ತಾರೆಂಬುದನ್ನು ಆಯೋಗವೂ ಬಿಡಿಸಿ ಹೇಳಿದೆ.

ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿರುವ ಸಂಗತಿ ಕಟ್ಟಡದ ನಿವೇಶನದಲ್ಲಿ ಏಕೆ ಮಸುಕಾಗುತ್ತದೆ ಎಂಬುದು ನಿಮಗೇ ಗೊತ್ತು. ಮೇಸ್ತ್ರಿಯ ಪುಟ್ಟ ಪುಸ್ತಕದಲ್ಲಿ ಹೆಸರಿನ ಮುಂದೆ ಸೋಮ, ಮಂಗಳ ಎಂದು ಗೀಟು ಹಾಕುತ್ತಾ ಹೋಗಿರುತ್ತದೆ. ಮತದಾನದ ದಿನದ ಮನೆ ಖಾಲಿ ಬಿಟ್ಟಿರುತ್ತದೆ. ಶನಿವಾರ ಗೀಟುಗಳನ್ನು ಎಣಿಸಿ ಹಣ ಕೊಡುತ್ತಾರೆ. ಖಾಲಿ ಮನೆಗೆ ಹಣ ಕೇಳಿದರೆ ಮೇಸ್ತ್ರಿ ಗುತ್ತಿಗೆದಾರನನ್ನೂ, ಗುತ್ತಿಗೆದಾರನು ಕಟ್ಟಡದ ಮಾಲೀಕನನ್ನೂ ತೋರಿಸುತ್ತಾನೆ. ದೊಡ್ಡ ನಿವೇಶನಗಳಲ್ಲಿ, ಹಾಜರಿ ಪುಸ್ತಕ ಇಡುವ ಗುತ್ತಿಗೆದಾರನ ಕೈಕೆಳಗೆ ನೀವು ಇದ್ದರೆ, ಆತನೇ ನಿಮ್ಮ ಮಾಲೀಕನೆಂದು ಭಾವಿಸಿ ಆತನನ್ನೇ ಕೇಳಿರಿ. ಹಿಂದಿನ ವಾರಗಳ ಬಟವಾಡೆಯ ಲೆಕ್ಕ, ಮೇಸ್ತ್ರಿ ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶ, ಹಣ ಜಮಾ ಆದ ಫೋನ್‌ಪೇ ವಿವರ, ಇವೆಲ್ಲ ನೀವು ಅಲ್ಲಿ ನಿರಂತರವಾಗಿ ದುಡಿಯುತ್ತಿದ್ದಿರಿ ಎನ್ನುವುದಕ್ಕೆ ಆಧಾರವಾಗುತ್ತವೆ.

ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಎಂದು ಬೆಳಿಗ್ಗೆ ವೃತ್ತದಲ್ಲಿ ನಿಂತು ಕೆಲಸ ಹುಡುಕುವವರಿಗೆ ಈ ಕಲಮು ನಿಜವಾಗಿಯೂ ಕೈಗೆಟುಕುವುದು ಕಷ್ಟ, ಏಕೆಂದರೆ ಆ ದಿನದ ಮಾಲೀಕ ಯಾರು ಎಂಬ ಪ್ರಶ್ನೆಗೇ ಉತ್ತರವಿರುವುದಿಲ್ಲ. ಕೋಲಾರದ ಸುತ್ತಲಿನ ಟೊಮೆಟೊ ತೋಟಗಳಲ್ಲಿ ಬಿಡಿಸುವ ಕೆಲಸಕ್ಕೆ ಟೆಂಪೊ ಹತ್ತಿ ಹೋಗುವ ಹೆಣ್ಣುಮಕ್ಕಳ ಸ್ಥಿತಿಯೂ ಹೀಗೆಯೇ. ಅಧಿನಿಯಮದಲ್ಲಿರುವ ಈ ಕೊರತೆಯನ್ನು ಯಾರೂ ತುಂಬಲು ಹೋಗಿಲ್ಲ ಎಂಬುದು ನನ್ನ ಅಸಮಾಧಾನ.

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತೇನೆ. ಗೂಡು ಕೊಂಡು ತಂದ ಮೇಲೆ ಕೆಲಸ ನಿಲ್ಲಿಸಿದರೆ ನಷ್ಟವಾಗುತ್ತದೆ. ನಷ್ಟವಾಗುವ ಕಡೆ ರಜೆ ಕೊಡಬೇಕಾಗಿಲ್ಲ ಎಂದು ಕಾನೂನಿನಲ್ಲೇ ಇದೆ ಎಂದು ಕೇಳಿದ್ದೇನೆ. ಅದರ ಪ್ರಕಾರ ನಾನು ಘಟಕ ನಡೆಸಬಹುದೇ? (ಶಿಡ್ಲಘಟ್ಟ)

ಮಾಲೀಕರ ಕಡೆಯಿಂದ ಬಂದಿರುವ ಒಂದೇ ಪತ್ರ ಇದು. ಮುಚ್ಚುಮರೆಯಿಲ್ಲದೆ ಕೇಳಿದ್ದೀರಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ನೀವು ಕೇಳಿರುವುದು ಅರ್ಧ ನಿಜ. ಯಾವ ಮತದಾರನ ಗೈರುಹಾಜರಿಯಿಂದ ಅವನು ಮಾಡುತ್ತಿರುವ ಕೆಲಸಕ್ಕೆ ಅಪಾಯ ಅಥವಾ ಗಣನೀಯ ನಷ್ಟ ಉಂಟಾಗಬಹುದೋ ಅಂಥವನಿಗೆ ಈ ಕಲಂ ಅನ್ವಯಿಸುವುದಿಲ್ಲ ಎಂಬ ವಿನಾಯಿತಿ ನಾಲ್ಕನೆಯ ಉಪಕಲಮಿನಲ್ಲಿದೆ. ವಿನಾಯಿತಿ ಇರುವುದು ಆ ಒಬ್ಬ ಕೆಲಸಗಾರನ ಮಟ್ಟಿಗೆ ಎಂಬುದನ್ನು ಗಮನಿಸಿ. ಇಡೀ ಘಟಕವನ್ನೋ ಒಂದು ಉದ್ಯಮವನ್ನೋ ಹೊರಗಿಡುವ ಮಾತು ಅಲ್ಲಿಲ್ಲ. ಒಂದು ದಿನ ಉತ್ಪಾದನೆ ನಿಂತರೆ ಆಗುವ ಸಾಮಾನ್ಯ ನಷ್ಟವನ್ನೇ ಗಣನೀಯ ನಷ್ಟ ಎಂದು ಕರೆದರೆ, ಯಾವ ಕಾರ್ಖಾನೆಯವರೂ ರಜೆ ಕೊಡಬೇಕಾಗುವುದಿಲ್ಲ, ಕಲಮಿಗೆ ಅರ್ಥವೇ ಉಳಿಯುವುದಿಲ್ಲ.

ನಿಮ್ಮ ಕಸುಬಿಗೆ ಇದನ್ನು ಹೊಂದಿಸಿ ನೋಡೋಣ. ಮಾರುಕಟ್ಟೆಯಿಂದ ತಂದ ಹಸಿ ಗೂಡನ್ನು ಹೆಚ್ಚು ದಿನ ಇಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ಉದ್ದನೆಯ ಎಳೆ ಬರುವುದಿಲ್ಲ ಎಂಬುದು ನಿಜ. ಬೇಯಿಸಿದ ಗೂಡನ್ನು ಬಿಸಿನೀರಿನಲ್ಲಿ ಅರ್ಧಕ್ಕೆ ಬಿಟ್ಟು ಹೋಗುವಂತಿಲ್ಲ ಎಂಬುದೂ ನಿಜ. ಆದರೆ ಒಂದು ದಿನದ ವಿರಾಮಕ್ಕೆ ಗೂಡು ಕೆಡುವುದಿಲ್ಲ. ಹಬೆ ಕೊಟ್ಟು ಅಥವಾ ಒಣಗಿಸಿ ಒಳಗಿನ ಕೋಶವನ್ನು ಕೊಂದರೆ ಇನ್ನೂ ಹೆಚ್ಚು ದಿನ ಇಟ್ಟುಕೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ, ಮತದಾನದ ದಿನ ಹಠಾತ್ತಾಗಿ ಬಂದು ಬೀಳುವುದಿಲ್ಲ. 2023ರ ಮೇ 10ರ ವಿಧಾನಸಭಾ ಮತದಾನದ ದಿನಾಂಕ ಮಾರ್ಚ್ 29ರಂದೇ, 2024ರ ಏಪ್ರಿಲ್ 26ರ ಮತದಾನದ ದಿನಾಂಕ ಮಾರ್ಚ್ 16ರಂದೇ ಪ್ರಕಟವಾಗಿದ್ದವು. ಅಷ್ಟು ಮೊದಲೇ ಗೊತ್ತಿದ್ದೂ ಹಿಂದಿನ ದಿನ ಎಂದಿನಷ್ಟೇ ಗೂಡು ಕೊಂಡು ತಂದು, "ನಷ್ಟವಾಗುತ್ತದೆ" ಎಂದರೆ ಯಾವ ಅಧಿಕಾರಿಯೂ ಒಪ್ಪಲಾರರು, ನಾನೂ ಒಪ್ಪಲಾರೆ. ಹರಾಜಿನಲ್ಲಿ ಆ ವಾರ ಕಡಿಮೆ ಲಾಟು ಹಿಡಿಯಿರಿ, ಇದ್ದ ಗೂಡನ್ನು ಹಿಂದಿನ ಸಂಜೆಯೊಳಗೆ ಮುಗಿಸಿರಿ, ಬೇಸಿನ್‌ನ ಮುಂದೆ ಕೂರುವ ಹೆಂಗಸರಿಗೆ ಮರುದಿನ ಪೂರ್ತಿ ರಜೆ ಕೊಟ್ಟು ಕೂಲಿಯನ್ನೂ ಕೊಡಿರಿ. ತೂಕದ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ, ಅವರು ಸಾಮಾನ್ಯವಾಗಿ ಒಂದು ದಿನಕ್ಕೆ ಗಳಿಸುವಷ್ಟನ್ನು ಕೊಡುವುದು ನ್ಯಾಯವಾದ ಲೆಕ್ಕ.

ವಿನಾಯಿತಿ ನಿಜವಾಗಿ ಹೊಂದುವುದು ತುರ್ತು ಚಿಕಿತ್ಸಾ ಘಟಕದಲ್ಲಿ ಪಾಳಿಯಲ್ಲಿರುವ ದಾದಿಗೆ, ವಿದ್ಯುತ್ ಉಪಕೇಂದ್ರದ ಸಿಬ್ಬಂದಿಗೆ, ಆರಿಸಲಾಗದ ಕುಲುಮೆಯನ್ನು ನೋಡಿಕೊಳ್ಳುವವನಿಗೆ. ಬೆಳಿಗ್ಗೆ ಸಂಜೆ ಹಾಲು ಬರುತ್ತಲೇ ಇರುವ ಡೈರಿಯಲ್ಲಿ ಶೀತಲೀಕರಣ ಯಂತ್ರ ನಡೆಸುವವನನ್ನೂ ಈ ಸಾಲಿಗೆ ಸೇರಿಸಬಹುದು. ಅದೇ ಡೈರಿಯ ಕಚೇರಿಯಲ್ಲಿ ಲೆಕ್ಕ ಬರೆಯುವವನನ್ನು ಸೇರಿಸಲು ಬರುವುದಿಲ್ಲ. ಇಂಥ ಕಡೆಗಳಲ್ಲಿಯೂ ಮತಗಟ್ಟೆ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ತೆರೆದಿರುವಾಗ ಪಾಳಿ ಹೊಂದಿಸಿ ಎಲ್ಲರನ್ನೂ ಕಳುಹಿಸುವುದು ಆಗದ ಕೆಲಸವೇನಲ್ಲ.

ನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಗುತ್ತಿಗೆ ನೌಕರಳಾಗಿದ್ದೇನೆ. ಕಳೆದ ಸಲ ಎರಡು ಗಂಟೆ "ಪರ್ಮಿಷನ್" ಕೊಟ್ಟು ವಾಪಸ್ ಬರಲು ಹೇಳಿದರು. ಪೂರ್ತಿ ದಿನ ಬೇಕಾದವರು ಮುಂದಿನ ಭಾನುವಾರ ಬಂದು ಸರಿದೂಗಿಸಬೇಕು, ಬೆರಳಿನ ಶಾಯಿಯ ಫೋಟೋ ಕಳುಹಿಸಬೇಕು ಎಂದರು. ಕಳುಹಿಸದವರಿಗೆ ಗೈರುಹಾಜರಿ ಹಾಕಿದರು. (ಕೋಲಾರ)

ಕಾಯ್ದೆಯಲ್ಲಿರುವುದು ರಜೆ; ಎರಡು ಗಂಟೆಯ ಬಿಡುವಲ್ಲ. ನಿಮ್ಮ ಮತಗಟ್ಟೆ ಮುಳಬಾಗಿಲಿನ ಹಳ್ಳಿಯಲ್ಲಿದ್ದರೆ, ಬಸ್ಸು ಹಿಡಿದು ಹೋಗಿ, ಸಾಲಿನಲ್ಲಿ ನಿಂತು ಎರಡು ಗಂಟೆಯಲ್ಲಿ ಹಿಂದಿರುಗುವುದು ಹೇಗೆ ಸಾಧ್ಯ ಎಂದು ಆದೇಶ ಹೊರಡಿಸಿದವರು ಯೋಚಿಸಿದಂತಿಲ್ಲ. ಭಾನುವಾರದ ಸರಿದೂಗಿಸುವಿಕೆಯೂ ಸಲ್ಲದು. ವಾರದ ರಜೆ ಕಾರ್ಮಿಕ ಕಾನೂನು ಬೇರೆಯಾಗಿಯೇ ಕೊಟ್ಟಿರುವ ಹಕ್ಕು. ಅದನ್ನು ಕಸಿದುಕೊಂಡು ಮತದಾನದ ರಜೆ ಕೊಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಗುತ್ತಿಗೆ ನೌಕರಳು ಎಂಬ ಕಾರಣಕ್ಕೂ ಹಕ್ಕು ಕಡಿಮೆಯಾಗುವುದಿಲ್ಲ. ಕಲಮಿನಲ್ಲಿರುವುದು "ಕೆಲಸಕ್ಕಿರುವ ಪ್ರತಿಯೊಬ್ಬ ವ್ಯಕ್ತಿ" ಎಂಬ ಅರ್ಥದ ಪದಗಳು. ಕಾಯಂ, ಗುತ್ತಿಗೆ ಎಂಬ ಭೇದವನ್ನು ಅದು ಮಾಡಿಲ್ಲ.

ಶಾಯಿಯ ವಿಷಯ ಸೂಕ್ಷ್ಮವಾದದ್ದು. ರಜೆ ಸಿಗಬೇಕಾದದ್ದು ಮತ ಹಾಕುವ ಹಕ್ಕುಳ್ಳವರಿಗೆ ಎಂದು ಕಾಯ್ದೆ ಹೇಳುತ್ತದೆಯೇ ಹೊರತು, ಮತ ಹಾಕಿದವರಿಗೆ ಎಂದು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಮತದಾನ ಕಡ್ಡಾಯವಲ್ಲ. ಯಾರನ್ನೂ ಆರಿಸದಿರುವ ಮತದಾರನ ಇಚ್ಛೆಗೂ ಬೆಲೆಯಿದೆ ಎಂಬ ಕಾರಣಕ್ಕೇ 2013ರಲ್ಲಿ ಸುಪ್ರೀಂ ಕೋರ್ಟು ಮತಯಂತ್ರದಲ್ಲಿ ನೋಟಾ ಗುಂಡಿ ಇಡಲು ಆದೇಶಿಸಿತು. ಹಾಗಿರುವಾಗ ಬೆರಳು ತೋರಿಸಿದರೆ ಮಾತ್ರ ಸಂಬಳ ಎಂಬ ಷರತ್ತಿಗೆ ಕಾನೂನಿನ ಬೆಂಬಲವಿಲ್ಲ. ಮೈಸೂರಿನಲ್ಲಿ ತಯಾರಾಗಿ 1962ರಿಂದ ದೇಶದ ಚುನಾವಣೆಗಳಿಗೆ ಹೋಗುತ್ತಿರುವ ಆ ಶಾಯಿ ಇರುವುದು ಒಬ್ಬರೇ ಎರಡು ಸಲ ಮತ ಹಾಕುವುದನ್ನು ತಡೆಯಲು. ಹಾಜರಿ ಪುಸ್ತಕ ತುಂಬಲು ಅಲ್ಲ. ಮತ ಹಾಕಿದವರಿಗೆ ಸಂಸ್ಥೆಯವರು ಪ್ರೋತ್ಸಾಹಕ್ಕೆಂದು ಬೇರೆ ಏನಾದರೂ ಕೊಟ್ಟರೆ ಅದು ಅವರ ಇಚ್ಛೆ. ಯಾರಿಗೆ ಮತ ಹಾಕಿದಿರಿ ಎಂದು ಕೇಳುವ ಅಧಿಕಾರ ಮಾತ್ರ ಯಾರಿಗೂ ಇಲ್ಲ.

ನಾನು ಖಾಸಗಿ ಆಸ್ಪತ್ರೆಯ ದಾದಿ. ಮತದಾನದ ದಿನ ಹಗಲು ಪಾಳಿ ಬಿದ್ದರೆ ಅಂಚೆ ಮತ ಹಾಕಬಹುದೇ? (ಚಿಂತಾಮಣಿ)

ಚುನಾವಣಾ ಆಯೋಗವು ಆಯಾ ಚುನಾವಣೆಗೆ ಅಧಿಸೂಚಿಸುವ ಅಗತ್ಯ ಸೇವೆಗಳ ಪಟ್ಟಿಯಲ್ಲಿ ನಿಮ್ಮ ಸೇವೆ ಇದ್ದರೆ ಹಾಕಬಹುದು. ಅದಕ್ಕೆ ನಮೂನೆ 12ಡಿ ತುಂಬಿ, ಚುನಾವಣೆಯ ಅಧಿಸೂಚನೆ ಹೊರಬಿದ್ದ ಐದು ದಿನಗಳೊಳಗೆ ಚುನಾವಣಾಧಿಕಾರಿಗೆ ತಲುಪಿಸಬೇಕು. ಬಹಳ ಮಂದಿ ಈ ಅವಧಿ ಕಳೆದ ಮೇಲೆ ಎಚ್ಚೆತ್ತುಕೊಳ್ಳುತ್ತಾರೆ. ಪಟ್ಟಿಯ ವಿವರವನ್ನು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕೇಳಿರಿ. ಪಟ್ಟಿಯಲ್ಲಿಲ್ಲದಿದ್ದರೆ, ಸಹೋದ್ಯೋಗಿಗಳೊಂದಿಗೆ ಪಾಳಿ ಬದಲಿಸಿಕೊಳ್ಳುವುದೇ ದಾರಿ.

ಗ್ರಾಮ ಪಂಚಾಯಿತಿ ಚುನಾವಣೆಗೂ ಇದೇ ಕಾನೂನು ಅನ್ವಯಿಸುತ್ತದೆಯೇ? ಶಿಕ್ಷಕರ ಕ್ಷೇತ್ರದ ಚುನಾವಣೆಗೆ? (ತಿಪಟೂರು)

135ಬಿ ಕಲಮಿನಲ್ಲಿ ಹೆಸರಿಸಿರುವುದು ಲೋಕಸಭೆ ಮತ್ತು ವಿಧಾನಸಭೆಯನ್ನು ಮಾತ್ರ. ಪಂಚಾಯಿತಿ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದಕ್ಕೂ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳು ಸೇರುವ ಆಗ್ನೇಯ ಶಿಕ್ಷಕರ ಕ್ಷೇತ್ರದಂಥ ವಿಧಾನ ಪರಿಷತ್ತಿನ ಚುನಾವಣೆಗೂ ರಜೆಯ ಪ್ರಶ್ನೆ ರಾಜ್ಯ ಸರ್ಕಾರ ಆಯಾ ಸಂದರ್ಭದಲ್ಲಿ ಹೊರಡಿಸುವ ಆದೇಶದಂತೆ ತೀರ್ಮಾನವಾಗುತ್ತದೆ. ಆ ಆದೇಶದ ಪ್ರತಿಯನ್ನು ಪಡೆದು ಅದರಲ್ಲಿ ಖಾಸಗಿ ಸಂಸ್ಥೆಗಳ ಬಗ್ಗೆ ಏನಿದೆ ಎಂದು ನೋಡಿಕೊಂಡೇ ಮಾತನಾಡುವುದು ಒಳ್ಳೆಯದು.

ಕೆಜಿಎಫ್‌ನಿಂದ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ರಜೆ ಕೊಡದಿದ್ದರೆ ದೂರು ಯಾರಿಗೆ ಕೊಡಬೇಕು? ದಂಡ ಬರೀ ಐನೂರು ರೂಪಾಯಿ ಎಂದು ಕೇಳಿ ನಗು ಬಂತು. (ಕೆಜಿಎಫ್)

ನಗು ಬರುವುದು ಸಹಜ. ಮೂರನೆಯ ಉಪಕಲಮಿನ ಪ್ರಕಾರ ರಜೆ ಕೊಡದ ಅಥವಾ ಸಂಬಳ ಹಿಡಿದ ಮಾಲೀಕನಿಗೆ ಐನೂರು ರೂಪಾಯಿಯವರೆಗೆ ದಂಡ ವಿಧಿಸಬಹುದು. 1996ರಲ್ಲಿ ಬರೆದ ಮೊತ್ತ ಅದು, ಇಂದಿಗೂ ಹಾಗೆಯೇ ಉಳಿದಿದೆ. ಇಂದು ಎಷ್ಟೋ ಕಡೆ ಒಬ್ಬ ಕೆಲಸಗಾರನ ದಿನದ ಕೂಲಿಯೇ ಅದನ್ನು ಮೀರುತ್ತದೆ. ಸಂಬಳ ಕೊಡುವುದಕ್ಕಿಂತ ದಂಡ ಕಟ್ಟುವುದೇ ಅಗ್ಗವಾಗುವಂತೆ ಕಾಯ್ದೆ ಇರಬಾರದು. ದಂಡವನ್ನು ಕೆಲಸಗಾರರ ತಲೆ ಎಣಿಸಿ, ಹಿಡಿದ ಸಂಬಳದ ಹಲವು ಪಟ್ಟಿನ ಲೆಕ್ಕದಲ್ಲಿ ವಿಧಿಸುವಂತಾದರೆ ಮಾತ್ರ ಅದಕ್ಕೆ ಬಿಸಿ ಇರುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ದಂಡ ಮಾತ್ರವೇ ಶಿಕ್ಷೆಯಾಗಿರುವ ಅಪರಾಧವಾದ್ದರಿಂದ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿ ತನಿಖೆಗೆ ಇಳಿಯುವಂತಿಲ್ಲ. ಪ್ರಕರಣ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು, ಅದೂ ಘಟನೆ ನಡೆದ ಆರು ತಿಂಗಳೊಳಗೆ. ಗೌರಿಬಿದನೂರಿನ ಓದುಗರ 2024ರ ದೂರಿಗೆ ಈ ಅವಧಿ ಈಗಾಗಲೇ ಮೀರಿದೆ. ಹಿಡಿದ ಸಂಬಳದ ವಸೂಲಿಯ ಬಗ್ಗೆ ಅವರು ಕಾರ್ಮಿಕ ಅಧಿಕಾರಿಯನ್ನು ಬೇರೆಯಾಗಿ ಕೇಳಿ ನೋಡಬಹುದು. ಆದರೆ ಮತದಾನಕ್ಕೆ ಮುಂಚಿನ ದಿನಗಳಲ್ಲಿ ಕೊಡುವ ದೂರು ಇಷ್ಟು ದೂರ ಹೋಗಬೇಕಾಗುವುದೇ ಅಪರೂಪ. ಆ ವಾರಗಳಲ್ಲಿ ಜಿಲ್ಲಾಧಿಕಾರಿಯವರೇ ಜಿಲ್ಲಾ ಚುನಾವಣಾಧಿಕಾರಿಯಾಗಿರುತ್ತಾರೆ, 1950 ಸಂಖ್ಯೆಯ ಸಹಾಯವಾಣಿ ಇರುತ್ತದೆ, ಕಾರ್ಮಿಕ ಇಲಾಖೆಯ ಕಚೇರಿಯೂ ಇದೆ. ರಜೆ ಕೊಡುವುದಿಲ್ಲ ಎಂಬ ಸುತ್ತೋಲೆಯ ಅಥವಾ ಸಂದೇಶದ ಪ್ರತಿಯೊಂದಿಗೆ ದೂರು ಹೋದರೆ, ಕಚೇರಿಯಿಂದ ಬರುವ ಒಂದು ದೂರವಾಣಿ ಕರೆಗೆ ಹೆಚ್ಚಿನ ಸಂಸ್ಥೆಗಳು ದಾರಿಗೆ ಬರುತ್ತವೆ. ಐನೂರು ರೂಪಾಯಿಗೆ ಹೆದರದವರೂ ಚುನಾವಣೆಯ ಹೊತ್ತಿನಲ್ಲಿ ಜಿಲ್ಲಾಡಳಿತದ ಕಣ್ಣಿಗೆ ಬೀಳಲು ಹೆದರುತ್ತಾರೆ. ನಿಮ್ಮ ಸಂಸ್ಥೆ ಬೆಂಗಳೂರಿನಲ್ಲಿರುವುದರಿಂದ ದೂರನ್ನು ಅಲ್ಲಿನ ಜಿಲ್ಲಾ ಚುನಾವಣಾಧಿಕಾರಿಗೂ ಅಲ್ಲಿನ ಕಾರ್ಮಿಕ ಅಧಿಕಾರಿಗೂ ಕಳುಹಿಸಿರಿ. ಒಬ್ಬರೇ ಸಹಿ ಹಾಕುವ ಬದಲು ನಿಮ್ಮ ಜೊತೆಗೆ ರೈಲಿನಲ್ಲಿ ಬರುವ ಅದೇ ಸಂಸ್ಥೆಯ ನಾಲ್ಕಾರು ಮಂದಿ ಸೇರಿ ಸಹಿ ಹಾಕಿದರೆ, ಯಾರೊಬ್ಬರ ಮೇಲೂ ಕಂಪನಿಯವರ ಕಣ್ಣು ಕೆಂಪಾಗುವುದಿಲ್ಲ.